ದಹಿಸರ್ ನದಿಯಲ್ಲಿ ಐದನೆಯ ಜುಮಗಿ

ಅಳಿಯ ಮುನಿಸಿಕೊಂಡರೆ ಏನು ಮಾಡಬೇಕೆಂಬುದು ನಿಜಾಮುದ್ದೀನನಿಗೆ ಗೊತ್ತಿರಲಿಲ್ಲ. ಲಾರಿಯ ಟ್ಯೂಬು ಮುನಿಸಿಕೊಂಡರೆ ಗೊತ್ತಿತ್ತು. ಅದನ್ನು ಹೊರಗೆ ಎಳೆದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಅದ್ದಿದರೆ ಎಲ್ಲಿ ತೂತೋ ಅಲ್ಲಿ ಗುಳ್ಳೆ ಏಳುತ್ತದೆ. ಅಲ್ಲಿ ತೇಪೆ ಹಾಕಿದರೆ ಮುಗಿಯಿತು. ಗೋರೆಗಾಂವಿನ ಹೆದ್ದಾರಿಯ ಪಕ್ಕದಲ್ಲಿ ಅವನ ಪಂಕ್ಚರ್ ಅಂಗಡಿಗೆ ಹೀಗೆ ಎಷ್ಟೋ ಲಾರಿಗಳು ಕುಂಟುತ್ತ ಬಂದು ಓಡುತ್ತ ಹೋಗಿದ್ದವು. ಪರೇಲಿನ ಮಿಲ್ಲಿನಲ್ಲಿ ಫಿಟರ್ ಆಗಿದ್ದ ಅಳಿಯ ಬಾಷಾನ ಗಾಳಿ ಎಲ್ಲಿ ಹೋಗುತ್ತಿದೆ ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ.

ಮದುವೆಯಾದ ಮೇಲೆ ಐದು ಶುಕ್ರವಾರ ಹೆಣ್ಣಿನ ಮನೆಯವರು ಮಗಳು ಅಳಿಯನನ್ನು ಕರೆದು ಊಟ ಹಾಕಬೇಕು. ಅದೇ ಜುಮಗಿ. ಬರೀ ಊಟ ಹಾಕಿದರೆ ಆಗಲಿಲ್ಲ. ಅಳಿಯ ಊಟಕ್ಕೆ ಹಾಸಿದ ದಸ್ತರಖಾನದ ಮುಂದೆ ಕೂತು ಎರಡು ಕೈಯನ್ನೂ ಮುಂದೆ ಚಾಚುತ್ತಾನೆ. ಹುಡುಗಿಯ ಅಣ್ಣನೋ ತಮ್ಮನೋ ಚಿಲಮಚಿ ಎಂಬ ಹಿತ್ತಾಳೆ ತಟ್ಟೆಯನ್ನು ಕೆಳಗೆ ಹಿಡಿದು ಆ ಕೈಗಳಿಗೆ ನೀರು ಹಾಕಬೇಕು. ನಿಜಾಮುದ್ದೀನನಿಗೆ ಗಂಡುಮಕ್ಕಳಿರಲಿಲ್ಲ. ಆದ್ದರಿಂದ ಆ ಕೆಲಸ ಅವನ ಪಾಲಿಗೇ ಬಂದಿತ್ತು. ತನ್ನ ಅಪ್ಪನ ಕೈಗೂ ನೀರು ಹಾಕಿದವನಲ್ಲ ಅವನು. ಆದರೂ ಮೂರು ಜುಮಗಿಗೆ ಹಾಕಿದ.

ನಾಲ್ಕನೆಯ ಜುಮಗಿಯ ಮಧ್ಯಾಹ್ನ ಒಂದು ಲಾರಿ ಅಂಗಡಿಯ ಮುಂದೆ ಬಂದು ಕುಸಿಯಿತು. ಡ್ರೈವರ್ ಸೂರತಕ್ಕೆ ಹೋಗುವ ಅವಸರದಲ್ಲಿದ್ದ. ಮನೆಯಿದ್ದ ಚಾಳಿನಿಂದ ಕರೆಯ ಮೇಲೆ ಕರೆ ಬಂತು. ನಿಜಾಮುದ್ದೀನ ಮೊಣಕೈತನಕ ಮಸಿ ಮೆತ್ತಿಕೊಂಡು ಮನೆಗೆ ಬಂದಾಗ ಅಳಿಯ ಎಷ್ಟು ಹೊತ್ತಿನಿಂದಲೋ ಕೈ ಚಾಚಿಕೊಂಡು ಕೂತಿದ್ದ. ಆ ಚಾಚಿದ ಕೈ ಕಂಡು ಮಾವನಿಗೆ ಏನಾಯಿತೋ, ಹೊರಗೆ ನಳ ಐತಿ, ಹೋಗಿ ತೊಳಕೊಂಡು ಬಾ ಅಂದುಬಿಟ್ಟ. ಬಾಷಾ ಎದ್ದು ನಳಕ್ಕೆ ಹೋದ. ನಳದಿಂದ ಸೀದಾ ಸ್ಟೇಷನ್ನಿಗೆ ಹೋದ. ಮಗಳು ರಶೀದಾ ತವರಿನಲ್ಲೇ ಉಳಿದಳು.

ನಳಕ್ಕೆ ಹೋಗು ಅಂದದ್ದರಲ್ಲಿ ಏನು ತಪ್ಪು ಎಂದು ನಿಜಾಮುದ್ದೀನ ವಾದ ಮಾಡಿದ. ನವಾಬರ ಮನೆತನವೇ, ಮಿಲ್ಲಿನಲ್ಲಿ ಯಾರು ಕೈ ತೊಳೆಸುತ್ತಾರೆ ಅವನಿಗೆ, ಎಂದು ಕೇಳಿದ. ಹೆಂಡತಿ ದೌಲತಬಿ ಏನೋ ಹೇಳಲು ಬಂದಾಗಲೆಲ್ಲ ನಳದ ಸುದ್ದಿ ಎತ್ತಬೇಡ ಎಂದು ಬಾಯಿ ಮುಚ್ಚಿಸಿದ. ಅವಳೂ ಬಿಟ್ಟಳು. ಚಾಳಿನ ಹೆಂಗಸರು ಮಾತ್ರ ಬಿಡಲಿಲ್ಲ. ಮಗಳು ಇನ್ನೂ ಇಲ್ಲೇ ಇದ್ದಾಳೆಯೇ ಎಂದು ದಿನಾ ಕೇಳಿದರು. ರಶೀದಾ ಅಳಲಿಲ್ಲ, ಅಪ್ಪನೊಂದಿಗೆ ಜಗಳ ಆಡಲೂ ಇಲ್ಲ. ಅಡುಗೆಗೆ ಉಪ್ಪು ಹಾಕುವುದನ್ನು ಬಿಟ್ಟಳು. ಕೇಳಿದರೆ ಹಾಕಿದ್ದೇನೆ ಎನ್ನುವಳು. ನಿಜಾಮುದ್ದೀನ ಸಪ್ಪೆ ಸಾರು ಉಂಡು ಅಂಗಡಿಗೆ ಹೋಗಿ ಗಿರಾಕಿಗಳ ಮೇಲೆ ಹರಿಹಾಯ್ದ.

ಶುಕ್ರವಾರಗಳು ಹೋಗುತ್ತಲೇ ಇದ್ದವು. ಯುದ್ಧ ಮುಗಿದು ಬಹಳ ದಿನವಾಗಿದ್ದರೂ, ಬೆಳಕು ಹೊರಗೆ ಕಾಣಬಾರದೆಂದು ಆಗ ಕಿಟಕಿಗೆ ಅಂಟಿಸಿದ್ದ ಕರಿ ಕಾಗದ ಹಾಗೆಯೇ ಇತ್ತು. ಯಾರಿಗೂ ಅದನ್ನು ಕೀಳುವ ಮನಸ್ಸಿರಲಿಲ್ಲ. ಮುಂದೆ ಮೊಹರಂ ಚಂದ್ರ ಕಂಡರೆ ಶುಭಕಾರ್ಯ ಇಲ್ಲ. ಅಷ್ಟರೊಳಗೆ ಐದನೆಯ ಜುಮಗಿ ಆಗದಿದ್ದರೆ ಹುಡುಗಿಯನ್ನು ಬಿಟ್ಟರು ಎಂದೇ ಜನ ಆಡಿಕೊಳ್ಳುವರು. ಇದು ನಿಜಾಮುದ್ದೀನನಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಹೆಚ್ಚಾಗಿತ್ತು.

ಕೊನೆಗೆ ಪರೇಲಿಗೆ ಹೋಗಿಬಂದವನು ಮೌಲಾಲಿ. ಅವನೂ ನಿಜಾಮುದ್ದೀನನೂ ಕೃಷ್ಣಾ ದಂಡೆಯ ಒಂದೇ ಊರಿನವರು, ಒಂದೇ ಶಾಲೆಯಲ್ಲಿ ನಾಲ್ಕನೆಯ ತರಗತಿ ತನಕ ಒಂದೇ ಮಾಸ್ತರರಿಂದ ಹೊಡೆತ ತಿಂದವರು. ಮೌಲಾಲಿ ಈಗ ಸಾಂತಾಕ್ರೂಜಿನಲ್ಲಿದ್ದು, ಸಂಜೆ ಜುಹೂ ದಂಡೆಯ ಮೇಲೆ ಎಣ್ಣೆ ಶೀಸೆಗಳ ಬುಟ್ಟಿ ಹಿಡಿದು ಮಾಲೀಸು ಮಾಡುತ್ತಿದ್ದ. ಅವನು ತಂದ ಸುದ್ದಿ ಹೀಗಿತ್ತು. ಬಾಷಾ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಹೊರಗೆಲ್ಲಾದರೂ ಊಟ ಹಾಕಿದರೆ ಬರುತ್ತಾನೆ. ಅವನ ಜೊತೆಯ ಫಿಟರ್ ಒಬ್ಬ ಮದುವೆಯಾಗಿ ಕಾಶ್ಮೀರಕ್ಕೆ ಹೋಗಿ ದೋಣಿಯಲ್ಲಿ ಮಲಗಿ ಕಾಲು ಒತ್ತಿಸಿಕೊಂಡು ಬಂದಿದ್ದಾನಂತೆ. ಮಿಲ್ಲಿನಲ್ಲಿ ದಿನಾ ಅದೇ ಮಾತಂತೆ. ಬಾಷಾನಿಗೆ ಇದುವರೆಗೂ ಯಾವ ನೀರಿನ ಮೇಲೂ ಮಲಗುವ ಯೋಗ ಬಂದಿಲ್ಲವಂತೆ.

"ಕಾಶ್ಮೀರಕ್ಕ ಕಳಸಾಕ ನಾ ಏನ್ ಮಂತ್ರಿ ಏನೋ?" ಅಂದ ನಿಜಾಮುದ್ದೀನ.

"ದಹಿಸರದಾಗ ಹೊಳಿ ಐತಿ. ನಾಲ್ಕು ಸ್ಟೇಷನ್," ಅಂದ ಮೌಲಾಲಿ. "ತೆಪ್ಪ ನೀ ಕಟ್ಟು, ಮೈ ನಾ ತಿಕ್ಕತೀನಿ. ಮೈಗೆ ಎಣ್ಣಿ ಹಚ್ಚಿಸಿಕೊಂಡು ಸಿಟ್ಟು ಹಿಡದವನ್ನ ನಾ ಇನ್ನೂ ನೋಡಿಲ್ಲ. ನಿನಗೂ ಹಚ್ಚಬೇಕು ಖರೆ, ಆದರ ಅಷ್ಟು ಎಣ್ಣಿ ನನ್ನ ಹತ್ರ ಇಲ್ಲ."

ತೆಪ್ಪ ಕಟ್ಟುವುದು ಕೃಷ್ಣೆಯ ದಂಡೆಯವನಿಗೆ ದೊಡ್ಡ ಮಾತಲ್ಲ. ಅಂಗಡಿಯಲ್ಲಿ ಲಾರಿ ಟ್ಯೂಬುಗಳಿದ್ದವು. ನಾಲ್ಕಕ್ಕೆ ಗಾಳಿ ಹೊಡೆದು ಹಗ್ಗದಿಂದ ಬಿಗಿದ. ಮೇಲೆ ಹಾಸಲು ಅಗಲವಾದ ಹಲಗೆ ಸಿಗಲಿಲ್ಲ. ಶುಕ್ರವಾರ ಬೆಳಿಗ್ಗೆ ತನ್ನ ಖೋಲಿಯ ಬಾಗಿಲನ್ನೇ ಕಿತ್ತ. ಪಕ್ಕದ ಖೋಲಿಯಲ್ಲಿದ್ದ ಮೈಸೂರು ಕಡೆಯ ಗುಮಾಸ್ತ ಸತ್ಯಮೂರ್ತಿ ಹಲ್ಲುಜ್ಜುತ್ತ ಬಂದು ನೋಡಿದರು.

"ಬಾಗಿಲು ರಿಪೇರಿಯೇ, ಸಾಹೇಬ್ರೆ?"

"ಇಲ್ರೀ. ಅಳಿಯಾಗ."

ಸತ್ಯಮೂರ್ತಿ ಮುಂದೆ ಕೇಳಲಿಲ್ಲ. ತಾವು ಬರುವತನಕ ಖೋಲಿಯ ಕಡೆ ಒಂದು ಕಣ್ಣಿಟ್ಟಿರುತ್ತೇನೆ ಎಂದು ಹೇಳಿ ಬಾಯಿ ಮುಕ್ಕಳಿಸಲು ಹೋದರು.

ಹೊರಡುವಾಗ ದೌಲತಬಿ ಗಂಡನ ಕೈಗೆ ಒಂದು ಖಜೂರ ಕೊಟ್ಟಳು. ತಿಂದು ಬೀಜವನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಅಳಿಯ ಊಟ ಮುಗಿಸುವತನಕ ಅದು ಹೊರಗೆ ಬರಬಾರದು. ಬೀಜ ಹೊರಗೆ ಬಂದರೆ ಮಾತೂ ಹೊರಗೆ ಬರುತ್ತದೆ. ಮಾತು ಬಂದರೆ ಮಗಳು ಮನೆಯಲ್ಲಿ ಉಳಿದಳು ಎಂದು ತಿಳಿಯಿರಿ, ಎಂದಳು. ನಿಜಾಮುದ್ದೀನ ಖಜೂರ ತಿಂದು ಬೀಜ ಇಟ್ಟುಕೊಂಡ. ಕಲ್ಲನ್ನು ಇಟ್ಟುಕೊಂಡಿದ್ದರೂ ಇಷ್ಟು ಅಡ್ಡ ಆಗುತ್ತಿರಲಿಲ್ಲ ಅನ್ನಿಸಿತು. ಅದನ್ನು ಹೇಳಲೂ ಆಗಲಿಲ್ಲ.

ದಹಿಸರದ ಮಸೀದಿಯಲ್ಲಿ ಜುಮ್ಮಾ ನಮಾಜು ಮುಗಿಸಿಕೊಂಡು ಗಂಡಸರು ಮೂವರೂ ರೈಲಿನ ಸೇತುವೆಯಿಂದ ಸ್ವಲ್ಪ ಕೆಳಗೆ ಹೊಳೆಯ ದಂಡೆಗೆ ಬಂದರು. ತೆಪ್ಪವನ್ನು ಬೆಳಿಗ್ಗೆಯೇ ಗಿರಾಕಿಯೊಬ್ಬನ ಲಾರಿಯಲ್ಲಿ ತಂದು ಅಲ್ಲಿ ಇಳಿಸಿದ್ದರು. ಬಾಷಾ ಹೊಸ ಪ್ಯಾಂಟು ಹಾಕಿ ಅತ್ತರು ಹಚ್ಚಿಕೊಂಡಿದ್ದ. ಮಾವನಿಗೆ ಸಲಾಂ ಹೇಳಿದ, ಮುಖ ನೋಡಲಿಲ್ಲ. ನಿಜಾಮುದ್ದೀನ ತಲೆ ಆಡಿಸಿದ. ಹೆಂಗಸರಿಬ್ಬರೂ ಬಿರಿಯಾನಿಯ ದೇಗಚಿ, ನೀರಿನ ಕೊಡ, ಚಿಲಮಚಿ ಎಲ್ಲ ತೆಗೆದುಕೊಂಡು ಮುಂಚೆಯೇ ಟಾಂಗಾದಲ್ಲಿ ಕೆಳಗಡೆಗೆ ಹೋಗಿದ್ದರು. ನದಿ ಅಲ್ಲಿ ಉಪ್ಪಿನ ಆಗರಗಳ ಪಕ್ಕದಲ್ಲಿ ಹಾದುಹೋಗುತ್ತದೆ. ಆಗರದ ಒಡ್ಡಿನ ಮೇಲೆ ಒಂದು ಮರವಿತ್ತು. ತೆಪ್ಪ ಹೊಳೆಯ ಜೊತೆ ತನ್ನಷ್ಟಕ್ಕೆ ತೇಲಿ ಮರದ ಹತ್ತಿರ ಬರುವುದು, ಅಷ್ಟರಲ್ಲಿ ಮಾಲೀಸು ಮುಗಿಯುವುದು, ಇಳಿದು ಕೈ ತೊಳೆದು ಊಟಕ್ಕೆ ಕೂಡುವುದು. ಇದು ಲೆಕ್ಕ. ಕೃಷ್ಣೆಯ ಮೇಲಾದರೆ ಈ ಲೆಕ್ಕ ತಪ್ಪುವುದೇ ಇಲ್ಲ.

ಬಾಷಾ ಬಟ್ಟೆ ಬಿಚ್ಚಿ, ಬರೀ ಚಡ್ಡಿಯಲ್ಲಿ ಬಾಗಿಲಿನ ಉದ್ದಕ್ಕೂ ಬೋರಲು ಮಲಗಿದ. ಬಾಗಿಲಿನ ಚಿಲಕ ಹೊಟ್ಟೆಗೆ ಒತ್ತಿತು. ಕೊಂಚ ಸರಿದ. ನಿಜಾಮುದ್ದೀನ ಹಿಂದೆ ನಿಂತು ಬಿದಿರಿನ ಗಳ ಊರಿ ದಂಡೆಯಿಂದ ನೂಕಿದ. ತೆಪ್ಪ ಹೊರಟಿತು. ಬೆಳ್ಳುಳ್ಳಿ ಹಾಕಿ ಕಾಸಿದ ಕುಸುಬಿ ಎಣ್ಣೆಯನ್ನು ಮೌಲಾಲಿ ಧಾರಾಳವಾಗಿ ಬೆನ್ನಿಗೆ ಸುರಿದು ಶುರು ಮಾಡಿದ. ಜುಹೂ ದಂಡೆಯಲ್ಲಿ ಸೇಠಜೀಗಳಿಗೆ ತೋರಿಸದ ಕೈಚಳಕವನ್ನೆಲ್ಲ ತೋರಿಸಿದ. ಮೊದಲು ಹೆಗಲು ಹಿಂಡಿದ, ಆಮೇಲೆ ಬೆನ್ನಿನ ಗುಂಟ ಎರಡು ಹೆಬ್ಬೆರಳು ಓಡಿಸಿದ, ಕಾಲಿನ ಬೆರಳುಗಳನ್ನು ಒಂದೊಂದಾಗಿ ಲಟಿಕೆ ಮುರಿದ.

ಬಾಷಾ ಮೊದಲು ಬಿಗಿದುಕೊಂಡಿದ್ದ, ಆಮೇಲೆ ಸಡಿಲಾದ. ನೀರಿನ ಮೇಲೆ ಬೆಳ್ಳಕ್ಕಿಗಳು ಹಾರಿದವು. ಎರಡೂ ಕಡೆ ಕೆಸರಿನಿಂದ ಕಾಂಡ್ಲಾ ಗಿಡಗಳ ಬೇರು ಮೇಲೆದ್ದಿದ್ದವು. ಕಾಶ್ಮೀರ ಹೀಗೇ ಇರುತ್ತದೆಯೇ ಎಂದು ಬಾಷಾ ನಿದ್ದೆಗಣ್ಣಿನಲ್ಲಿ ಕೇಳಿದ. ಅಲ್ಲಿ ಚಳಿ, ಎಣ್ಣೆ ಗಟ್ಟಿಯಾಗಿಬಿಡುತ್ತದೆ, ಇದೇ ವಾಸಿ, ಅಂದ ಮೌಲಾಲಿ. ಬಾಷಾ ನಕ್ಕ. ಹಿಂದೆ ನಿಂತಿದ್ದ ನಿಜಾಮುದ್ದೀನನಿಗೂ ಎದೆ ಹಗುರಾಯಿತು. ಬೀಜವನ್ನು ಬಲಗಡೆಯಿಂದ ಎಡಗಡೆಗೆ ಹೊರಳಿಸಿದ.

ತಿರುವು ದಾಟಿದಾಗ ಮರ ಕಂಡಿತು. ಮರದ ಕೆಳಗೆ ರಶೀದಾಳ ಹಸಿರು ದುಪಟ್ಟಾ, ದೌಲತಬಿಯ ಬಿಳಿ ಸೀರೆ, ಹಾಸಿದ ದಸ್ತರಖಾನ ಎಲ್ಲ ಕಂಡವು. ದೇಗಚಿಯ ಮುಚ್ಚಳ ತೆಗೆದಿದ್ದರೋ ಏನೋ, ಗಾಳಿ ಬಿರಿಯಾನಿಯ ವಾಸನೆಯನ್ನು ನೀರಿನ ಮೇಲೆ ತಂದಿತು. ಬೆಳಿಗ್ಗೆಯಿಂದ ಉಪವಾಸವಿದ್ದ ಬಾಷಾ ತಲೆ ಎತ್ತಿದ.

ಆಗ ತೆಪ್ಪ ನಿಂತಿತು.

ಕೆಳಗೆ ಏನೋ ತಗುಲಿರಬೇಕೆಂದು ನಿಜಾಮುದ್ದೀನ ಗಳ ಊರಿ ತಳ್ಳಿದ. ತೆಪ್ಪ ಅಲ್ಲೇ ಒಂದು ಸುತ್ತು ಸುತ್ತಿತು. ಆಮೇಲೆ ನಿಧಾನವಾಗಿ, ಮರೆತ ಸಾಮಾನು ತರಲು ಮನೆಗೆ ಹೊರಟವರ ಹಾಗೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗತೊಡಗಿತು.

ಸಮುದ್ರಕ್ಕೆ ಭರತಿ ಬಂದು ನೀರು ಉಬ್ಬುತ್ತದೆಂಬುದು ಮೌಲಾಲಿಗೆ ಗೊತ್ತಿತ್ತು. ದಿನಾ ಜುಹೂದಲ್ಲಿ ನೀರು ಏರಿದಂತೆ ಬುಟ್ಟಿ ಎತ್ತಿ ಹಿಂದೆ ಸರಿಯುವವನೇ ಅವನು. ಅದೇ ನೀರು ನದಿಯೊಳಗೂ ನುಗ್ಗುತ್ತದೆ ಎಂಬುದನ್ನು ಯಾರೂ ಹೇಳಿರಲಿಲ್ಲ. ನಿಜಾಮುದ್ದೀನನ ಪ್ರಕಾರ ಹೊಳೆ ಎಂಬುದು ಒಂದು ಕಡೆಗೆ ಹರಿಯುವ ವಸ್ತು. ಮುಂಬಯಿಗೆ ಬಂದು ಇಷ್ಟು ವರ್ಷವಾದರೂ ಅವನಿಗೆ ಅದರಲ್ಲಿ ಸಂಶಯ ಬಂದಿರಲಿಲ್ಲ. ಈ ಹೊಳೆ ಬೇಕೆಂದೇ ಹೀಗೆ ಮಾಡುತ್ತಿದೆ ಎಂದು ಅವನಿಗೆ ಸಿಟ್ಟು ನೆತ್ತಿಗೇರಿತು. ಗಳವನ್ನು ಎತ್ತಿ ಸಿಟ್ಟೆಲ್ಲ ಸೇರಿಸಿ ಕೆಸರಿಗೆ ಚುಚ್ಚಿದ. ಗಳ ಕೆಸರಿನಲ್ಲಿ ಆಳವಾಗಿ ನಾಟಿಕೊಂಡಿತು. ಕೈಯಿಂದ ಜಾರಿತು. ತೆಪ್ಪ ಮುಂದೆ ಹೋಯಿತು. ಗಳ ಅಲ್ಲೇ ನೆಟ್ಟಗೆ ನಿಂತಿತು. ಅದರ ಮೇಲೆ ಒಂದು ಬೆಳ್ಳಕ್ಕಿ ಬಂದು ಕೂತಿತು.

"ಮಾಮೂ, ಊಟ ಅಲ್ಲಿ ಉಳೀತು," ಅಂದ ಬಾಷಾ.

ನಿಜಾಮುದ್ದೀನ ಹೂಂ ಅಂದ.

"ನಾವು ಎಲ್ಲಿಗೆ ಹೊಂಟೀವಿ?"

ನಿಜಾಮುದ್ದೀನ ಅದಕ್ಕೂ ಹೂಂ ಅಂದ. ಬಾಯಿ ಬಿಟ್ಟರೆ ಏನು ಹೊರಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಬೀಜವನ್ನು ಹಲ್ಲಿನಿಂದ ಕಚ್ಚಿ ಹಿಡಿದ. ಮೌಲಾಲಿ ಏನೂ ಆಗಿಲ್ಲವೆಂಬಂತೆ ಅಳಿಯನ ಮೀನಖಂಡ ತಿಕ್ಕುತ್ತಲೇ ಇದ್ದ. ಕೈ ನಿಲ್ಲಿಸಿದರೆ ಹುಡುಗನಿಗೆ ಹೆದರಿಕೆ ಆದೀತೆಂದು ಅವನ ಯೋಚನೆ. ಹಚ್ಚಿದ ಕಡೆಯೇ ಮತ್ತೆ ಎಣ್ಣೆ ಹಚ್ಚಿದ.

ಒಡ್ಡಿನ ಮೇಲೆ ಹೆಂಗಸರು ಎದ್ದು ನಿಂತಿದ್ದರು. ದೌಲತಬಿ ಎರಡು ಕೈಯನ್ನೂ ಆಕಾಶಕ್ಕೆ ಎತ್ತಿದಳು. ರಶೀದಾ ಸ್ವಲ್ಪ ಹೊತ್ತು ಸೊಂಟಕ್ಕೆ ಕೈಯಿಟ್ಟು ನೋಡಿದಳು. ಆಮೇಲೆ ದಸ್ತರಖಾನ ಸುತ್ತಿ ಕಂಕುಳಲ್ಲಿ ಇಟ್ಟಳು, ಕೊಡ ಸೊಂಟಕ್ಕೇರಿಸಿದಳು, ದೇಗಚಿಯ ಒಂದು ಕಿವಿ ತಾನು ಹಿಡಿದು ಇನ್ನೊಂದನ್ನು ಅಮ್ಮನಿಗೆ ಹಿಡಿಸಿದಳು. ತೆಪ್ಪ ಹೋದ ದಿಕ್ಕಿಗೆ ದೇಗಚಿಯೂ ಹೊರಟಿತು.

ಹೀಗೆ ಮೆರವಣಿಗೆ ನಡೆಯಿತು. ನೀರಿನಲ್ಲಿ ಬಾಗಿಲ ಮೇಲೆ ಮಲಗಿದ ಅಳಿಯ, ಒಡ್ಡಿನ ಮೇಲೆ ಬಿರಿಯಾನಿ, ನಡುವೆ ಕೆಸರು. ಆಗರದ ಕೂಲಿಗಳು ಉಪ್ಪು ಎಳೆಯುವ ಹಲುಬೆ ಬಿಟ್ಟು ನೋಡಿದರು. ಬಿರಿಯಾನಿ ಒಮ್ಮೆ ಮುಂದೆ ಹೋಗುವುದು, ಒಮ್ಮೆ ತೆಪ್ಪ ಮುಂದೆ ಹೋಗುವುದು. ಹತ್ತಿದ ಜಾಗವೂ ಕಣ್ಣೆದುರೇ ಹಿಂದೆ ಹೋಯಿತು. ಅಲ್ಲಿ ಬಾಷಾನ ಹೊಸ ಪ್ಯಾಂಟು ಮಡಿಸಿ ಕಲ್ಲಿನ ಮೇಲೆ ಇಟ್ಟದ್ದು ಕಾಣಿಸಿತು. ಇಳಿಯೋಣವೆಂದರೆ ಗಳ ಇಲ್ಲ, ನೀರು ಎಷ್ಟು ಆಳವೋ ತಿಳಿಯದು, ಬಾಷಾನಿಗೆ ಈಜು ಬಾರದು.

"ಅಬ್ಬಾ, ಹಿಲೋ ಮತ್," ಎಂದು ರಶೀದಾ ಒಡ್ಡಿನಿಂದ ಕೂಗಿದಳು. "ಸುಮ್ಮ ಕೂಡ್ರಿ. ಬ್ರಿಜ್ ಹತ್ರ ನಾವು ಪಕಡತೀವಿ."

ಸೇತುವೆ ಹತ್ತಿರ ಬಂತು. ಅದರ ಪಕ್ಕದಲ್ಲೇ ವ್ಯಾಗನ್ನಿಗೆ ತುಂಬಲು ಉಪ್ಪನ್ನು ಬೆಟ್ಟದ ಹಾಗೆ ರಾಶಿ ಹಾಕಿದ್ದರು. ದಂಡೆ ಅಲ್ಲಿ ಕೈಗೆಟಕುವಷ್ಟು ಸಮೀಪವಿತ್ತು. ಮೌಲಾಲಿ ಒಂದು ಗಿಡದ ಕೊಂಬೆ ಹಿಡಿಯಲು ಬಗ್ಗಿದ. ಅಷ್ಟರಲ್ಲಿ ವಿರಾರ್ ಕಡೆಯ ಲೋಕಲ್ ಸೇತುವೆಯ ಮೇಲೆ ಬಂದು, ಸಿಗ್ನಲ್ ಸಿಗಲಿಲ್ಲವೆಂದು ಕಾಣುತ್ತದೆ, ಹಾರ್ನ್ ಹೊಡೆಯುತ್ತ ನಿಂತುಬಿಟ್ಟಿತು. ಬಾಗಿಲಿಗೆ ಜೋತುಬಿದ್ದ ಜನವೆಲ್ಲ ಕೆಳಗೆ ನೋಡಿದರು. ಕೆಳಗೆ ಎಣ್ಣೆ ಹಚ್ಚಿಕೊಂಡು ಮಿರಿಮಿರಿ ಮಿಂಚುವ ಒಬ್ಬ ಮನುಷ್ಯ ಬರೀ ಚಡ್ಡಿಯಲ್ಲಿ ಮನೆಯ ಬಾಗಿಲಿನ ಮೇಲೆ ಮಲಗಿದ್ದ. ಯಾರೋ ಸಿಳ್ಳೆ ಹಾಕಿದರು.

ಬಾಷಾ ಮಾನ ಮುಚ್ಚಿಕೊಳ್ಳಲು ದಡಕ್ಕನೆ ಎದ್ದು ನಿಂತ. ಎಣ್ಣೆಯ ಪಾದ ಎಣ್ಣೆಯ ಬಾಗಿಲಿನ ಮೇಲೆ ಒಂದು ಕ್ಷಣವೂ ನಿಲ್ಲಲಿಲ್ಲ. ಅವನು ಮಾವನ ಕುತ್ತಿಗೆ ತಬ್ಬಿದ. ಇಬ್ಬರೂ ಒಟ್ಟಿಗೆ ನೀರಿಗೆ ಹೋದರು.

ಬಾಷಾ ಮುಳುಗಿದ ಕಡೆ ಗುಳ್ಳೆ ಎದ್ದವು. ನಿಜಾಮುದ್ದೀನ ಗುಳ್ಳೆ ಎದ್ದಲ್ಲಿ ಕೈ ಹಾಕಿ ಎಳೆದ. ತೋಳು ಹಿಡಿದರೆ ತೋಳು ಜಾರಿತು, ಸೊಂಟ ಹಿಡಿದರೆ ಸೊಂಟ ಜಾರಿತು. ಕೊನೆಗೆ ಕೂದಲು ಸಿಕ್ಕಿತು. ಅಲ್ಲಿಗೆ ಮಾತ್ರ ಮೌಲಾಲಿ ಇನ್ನೂ ಎಣ್ಣೆ ಹಾಕಿರಲಿಲ್ಲ. ಕೂದಲು ಹಿಡಿದು ಮೇಲೆತ್ತಿದಾಗ ನೀರು ಎದೆಮಟ್ಟವೇ ಇದೆಯೆಂದು ಇಬ್ಬರಿಗೂ ತಿಳಿಯಿತು. ಕೆಳಗೆ ಮೊಣಕಾಲುದ್ದ ಕೆಸರು. ಬೀಜ ನಾಲಿಗೆಯ ಕೆಳಗೆ ಇರಲಿಲ್ಲ. ಬೀಳುವಾಗ ನಿಜಾಮುದ್ದೀನ ಅದನ್ನು ನುಂಗಿಬಿಟ್ಟಿದ್ದ.

ಇಷ್ಟು ದಿನ ಕಟ್ಟಿಟ್ಟದ್ದೆಲ್ಲ ಆಮೇಲೆ ಹೊರಬಂತು. ಕಾಶ್ಮೀರ, ದೋಣಿ, ಅಂಗಾಲು ಒತ್ತಿಸಿಕೊಳ್ಳುವ ಶೋಕಿ, ಮಿಲ್ಲಿನ ಫಿಟರುಗಳ ವಂಶ, ಮನೆಗೆ ಬಾಗಿಲಿಲ್ಲದ ಹಾಗೆ ಮಾಡಿದ್ದು, ಯಾವುದನ್ನೂ ಬಿಡಲಿಲ್ಲ. ನಳಕ್ಕೆ ಹೋಗು ಅಂದರೆ ಹೆಣ್ಣನ್ನು ಬಿಟ್ಟುಹೋಗುವ ಗಂಡಸು ಯಾವ ಸೀಮೆಯವನು ಎಂದು ಕೇಳಿದ. ಕೂದಲನ್ನು ಮಾತ್ರ ಬಿಡಲಿಲ್ಲ. ಮೇಲೆ ರೈಲಿನ ಜನ ಪೂರ್ತಿ ಕೇಳಿಸಿಕೊಂಡರು. ಸಿಗ್ನಲ್ ಬಿದ್ದು ರೈಲು ಹೊರಟಾಗ ಅವರಿಗೆ ಬೇಸರವಾಗಿರಬೇಕು.

ರೈಲಿನ ಸದ್ದು ನಿಂತ ಮೇಲೆ ಬಾಷಾ ಬಾಯೊಳಗಿನ ಉಪ್ಪುನೀರು ಉಗಿದ.

"ನಳದಾಗ ನೀರ ಇರಲಿಲ್ಲ, ಮಾಮೂ."

"ಏನಂದಿ?"

"ನೀರ ಇರಲಿಲ್ಲ. ಕೊಡ ಇಟ್ಟು ಪಾಳಿ ಹಿಡದಿದ್ದ ಹೆಣ್ಣಮಕ್ಕಳ ಮುಂದ ನಿಂತು ತಿರುವಿದೆ. ಕರ್ ಅಂತು, ಅಷ್ಟ. ಎಲ್ಲಾರೂ ನಕ್ಕರು. ಹೊಸಾ ಅಳಿಯಾಗ ಮಾವ ಒಣಾ ನಳ ತೋರಿಸ್ಯಾನ ಅಂದರು. ಒಳಗ ಬಂದು ಏನಂತ ಹೇಳಲಿ?"

ಚಾಳಿನ ನಳಕ್ಕೆ ಬೆಳಿಗ್ಗೆ ಮತ್ತು ಸಂಜೆ ಮಾತ್ರ ನೀರು ಬರುತ್ತದೆ ಎಂಬುದು ಚಾಳಿನ ಬೆಕ್ಕುಗಳಿಗೂ ಗೊತ್ತು. ನಿಜಾಮುದ್ದೀನ ಹಗಲು ಮನೆಯಲ್ಲಿದ್ದವನೇ ಅಲ್ಲ. ಅವನು ಒಡ್ಡಿನ ಕಡೆ ನೋಡಿದ. ದೌಲತಬಿ ಅಷ್ಟರಲ್ಲಿ ದೇಗಚಿ ಇಳಿಸಿ ಏದುಸಿರು ಬಿಡುತ್ತಿದ್ದಳು.

"ಇದನ್ನ ನನಗ ಯಾಕ ಹೇಳಲಿಲ್ಲ?" ಎಂದು ಅವನು ನೀರಿನಿಂದಲೇ ಕೇಳಿದ.

"ಹೇಳಾಕ ಬಿಟ್ಟಿದ್ದರ ಹೇಳತಿದ್ದೆ," ಅಂದಳು ಅವಳು.

ನಿಜಾಮುದ್ದೀನ ಕೂದಲು ಬಿಟ್ಟ. ಮೌಲಾಲಿ ಕೊಂಬೆಗೆ ಹಗ್ಗ ಬಿಗಿದು ಇಳಿದು ಬಂದು ಇಬ್ಬರನ್ನೂ ಎಳೆದು ದಂಡೆಗೆ ಹಾಕಿದ. ಕೆಸರು ಕುತ್ತಿಗೆಯತನಕ ಮೆತ್ತಿತ್ತು. ಎಣ್ಣೆಯ ಮೈಗೆ ಹತ್ತಿದ ಕೆಸರು ಗಾರೆ ಮಾಡಿದ ಹಾಗೆ ಕೂತಿತ್ತು. ಯಾರು ಮಾವ, ಯಾರು ಅಳಿಯ ಎಂದು ಹೊಟ್ಟೆಯ ಗಾತ್ರದಿಂದಲೇ ಹೇಳಬೇಕಾಗಿತ್ತು. ರಶೀದಾ ಇಬ್ಬರನ್ನೂ ನೋಡಿದಳು, ತುಟಿ ಕಚ್ಚಿಕೊಂಡು ಉಪ್ಪಿನ ರಾಶಿಯ ನೆರಳಿನಲ್ಲಿ ದಸ್ತರಖಾನ ಹಾಸಿದಳು.

ಬಾಷಾ ಬಂದು ಕೂತ. ಹಸಿವಿನಿಂದ ಕೈ ದೇಗಚಿಯ ಕಡೆ ಹೋಯಿತು. ಕೈ ಕಂಡು ತಾನೇ ಹಿಂದೆ ಎಳೆದುಕೊಂಡ. ಆ ಕೈಯಲ್ಲಿ ಯಾರೂ ಉಣ್ಣುವಂತಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಎರಡು ಕೈಯನ್ನೂ ಮುಂದೆ ಚಾಚಿಕೊಂಡು ಕೂತ.

ನಿಜಾಮುದ್ದೀನ ಸುತ್ತ ನೋಡಿದ. ಅಲ್ಲಿ ನಳವಿರಲಿಲ್ಲ. ದೌಲತಬಿ ಚಿಲಮಚಿಯನ್ನು ಅವನ ಕಾಲ ಹತ್ತಿರ ಸರಿಸಿದಳು. ಅವನು ಕೊಡ ಎತ್ತಿ ಅಳಿಯನ ಕೈಗೆ ನೀರು ಹಾಕಿದ. ಒಂದು ಸಲಕ್ಕೆ ಹೋಗಲಿಲ್ಲ, ಮತ್ತೆ ಹಾಕಿದ. ಲಾರಿಯ ಗ್ರೀಸು ತೆಗೆಯುವ ರೀತಿ ಅವನಿಗೆ ಗೊತ್ತಿತ್ತು. ಬೆರಳ ಸಂದಿಯಲ್ಲಿ ತನ್ನ ಹೆಬ್ಬೆರಳು ಹಾಕಿ ತಿಕ್ಕಿ ತೊಳೆದ. ಚಿಲಮಚಿ ತುಂಬಿ ಚೆಲ್ಲಿತು. ಅಳಿಯ ಸಾಕು ಅಂದ. ಸುಮ್ಮ ಕೂಡು ಅಂದ ಮಾವ.

ದೌಲತಬಿ ಬಡಿಸಿದಳು. ಬಾಷಾ ಬಿಸ್ಮಿಲ್ಲಾ ಹೇಳಿ ಒಂದು ತುತ್ತು ಬಾಯಿಗಿಟ್ಟ. ಅಗಿದ. ಇನ್ನೊಂದು ಇಟ್ಟ. ಅದನ್ನೂ ಅಗಿದು ನುಂಗಿ, ಸ್ವಲ್ಪ ಯೋಚಿಸಿ ಅಂದ:

"ಉಪ್ಪು ಇಲ್ಲ."

ಮೌಲಾಲಿ ಬಾಯಿಗೆ ಒಯ್ದ ತುತ್ತನ್ನು ಅರ್ಧಕ್ಕೆ ನಿಲ್ಲಿಸಿದ. ದೌಲತಬಿ ಕಣ್ಣು ಮುಚ್ಚಿದಳು. ಖಜೂರ ಒಂದೇ ಇತ್ತು, ಅದರ ಬೀಜ ಹೊಟ್ಟೆಯಲ್ಲಿತ್ತು. ರಶೀದಾ ತಲೆ ಬಗ್ಗಿಸಿಕೊಂಡು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

ನಿಜಾಮುದ್ದೀನ ಎದ್ದ. ಮೈಯಿಂದ ಕೆಸರಿನ ಹೆಂಟೆ ಉದುರಿದವು. ರಾಶಿಯ ಹತ್ತಿರ ಹೋಗಿ ಮೇಲಿನ ಧೂಳು ಸರಿಸಿ ಒಳಗಿನಿಂದ ಒಂದು ಹಿಡಿ ಬಿಳಿ ಉಪ್ಪು ತೆಗೆದುಕೊಂಡು ಬಂದ. ಅಳಿಯನ ತಟ್ಟೆಯ ಪಕ್ಕದಲ್ಲಿ ಸುರಿದ. ತನ್ನ ತಟ್ಟೆಯ ಪಕ್ಕದಲ್ಲೂ ಸುರಿದುಕೊಂಡ.

"ನಾಕ್ ಸಾರಿ ಕೇಳೀನಿ," ಅಂದ ಅಳಿಯನಿಗೆ. "ಹಾಕೀನಿ ಅಂತಾಳ. ಇನ್ನ ಮ್ಯಾಲೆ ನೀ ಕೇಳು."

ಬಾಷಾ ಎರಡು ಸಲ ಹಾಕಿಸಿಕೊಂಡು ಉಂಡ. ಆಮೇಲೆ ಮೌಲಾಲಿ ಹೋಗಿ ಕಲ್ಲಿನ ಮೇಲಿನ ಪ್ಯಾಂಟು ತಂದುಕೊಟ್ಟ. ಟ್ಯೂಬುಗಳ ಗಾಳಿ ಬಿಟ್ಟು ಸುತ್ತಿ ಬಗಲಲ್ಲಿ ಹಿಡಿದರು. ಬಾಗಿಲನ್ನು ಮಾವ ಅಳಿಯ ಮುಂದೊಬ್ಬ ಹಿಂದೊಬ್ಬ ತಲೆಯ ಮೇಲೆ ಹೊತ್ತು ಸ್ಟೇಷನ್ನಿಗೆ ನಡೆದರು. ಲಗೇಜಿನ ಡಬ್ಬಿಯಲ್ಲಿ ಮೀನಿನ ಬುಟ್ಟಿಯವರು ಈ ಬಾಗಿಲು ಎಲ್ಲಿಯದು ಎಂದು ಕೇಳಿದರು. ಮನೆಯದು ಅಂದ ನಿಜಾಮುದ್ದೀನ.

ಗೋರೆಗಾಂವ್ ಬಂದಾಗ ಅವನು, ದೌಲತಬಿ ಇಳಿದರು. ಮೌಲಾಲಿ ಬಾಗಿಲು ಇಳಿಸಲು ಕೈಕೊಟ್ಟು ಮತ್ತೆ ಒಳಗೆ ಹತ್ತಿದ, ಅವನದು ಸಾಂತಾಕ್ರೂಜ್. ಬಾಷಾ ಡಬ್ಬಿಯ ಬಾಗಿಲಿಗೆ ಬಂದು ಸಲಾಂ ಹೇಳಿದ. ರಶೀದಾ ಹಿಂದೆ ಕಿಟಕಿಯ ಪಕ್ಕದಲ್ಲಿ ಬುಟ್ಟಿಯೊಂದರ ಮೇಲೆ ಕೂತೇ ಇದ್ದಳು. ಇಳಿಯಲಿಲ್ಲ.

ರೈಲು ಹೋದ ಮೇಲೆ ನಿಜಾಮುದ್ದೀನ ಬಾಗಿಲನ್ನು ಒಬ್ಬನೇ ಹೊರಲು ಬಗ್ಗಿದ. ಎಣ್ಣೆಯಿಂದ ಅದು ಕೈಗೆ ನಿಲ್ಲಲಿಲ್ಲ. ಇನ್ನೊಂದು ತುದಿ ಹಿಡಿ ಎಂದು ಹೆಂಡತಿಗೆ ಹೇಳಿದ. ಅವಳು ಸೆರಗಿನಿಂದ ಒರೆಸಿ ಹಿಡಿದಳು.